ಉಪಶಮನ ಆರೈಕೆ, ಬೆಂಗಳೂರು: ಜೊತೆಗೂಡಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಬರೆದಿದ್ದು ಯಾರು, ಯಾರಿಗೆ?

ನಾನು ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್. ಬೇರೆ ಬೇರೆ ಆಸ್ಪತ್ರೆ, ಹಾಸ್ಪಿಸ್ (ವಾಸಿಯಾಗದ ಕಾಯಿಲೆಯವರನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗ), ಕ್ಲಿನಿಕ್‌ಗಳಲ್ಲಿ ಇದೇ ಕೆಲಸ ಮಾಡುವ ನಾವು ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ. ಒಂದು ರೌಂಡ್ ಟೀ, ಒಂದೆರಡು ಕಷ್ಟದ ಕೇಸು, ಒಂದಷ್ಟು ಸುದ್ದಿ, ಅಷ್ಟೇ. ಹೊಸದಾಗಿ ಬಂದ ಡಾಕ್ಟರು, ನರ್ಸು, ಸೋಶಿಯಲ್ ವರ್ಕರು, ಫಾರ್ಮಸಿಸ್ಟು ಎಲ್ಲರೂ ಸುಮಾರು ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಇದು ಈ ಕೆಲಸದಲ್ಲಿ ಇರುವವರಿಗೆ. ರೋಗಿಯ ಮನೆಯವರು ಓದಿದರೂ ತೊಂದರೆಯಿಲ್ಲ, ಆದರೆ ಔಷಧಿಯ ಲೆಕ್ಕ ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಉಪಶಮನ ಆರೈಕೆ ಅಂದರೆ ಸಾಯುವವರ ವಾರ್ಡ್ ತಾನೆ?

ಅಲ್ಲ. ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಕೇರ್ ಅಂತಾರೆ. ಕಾಯಿಲೆ ವಾಸಿಯಾಗಲಿ ಬಿಡಲಿ, ನೋವು, ಉಸಿರಾಟದ ತೊಂದರೆ, ವಾಂತಿ, ಭಯ, ಮನೆಯವರ ಒದ್ದಾಟ ಇವನ್ನು ಕಡಿಮೆ ಮಾಡುವ ಕೆಲಸ. ಕೀಮೋ ನಡೆಯುತ್ತಿರುವಾಗಲೇ ಶುರು ಮಾಡಬಹುದು, ಮಾಡಬೇಕು ಕೂಡ. ಆದರೆ ಜನರ ಬಾಯಲ್ಲಿ "ಪ್ಯಾಲಿಯೇಟಿವ್‌ಗೆ ಬರೆದರು" ಅಂದರೆ "ಡಾಕ್ಟ್ರು ಕೈ ಬಿಟ್ರು" ಅಂತಲೇ ಅರ್ಥ. ನಾವು ಕೊನೇ ವಾರದಲ್ಲಿ ಮಾತ್ರ ಮನೆಗೆ ಹೋಗುತ್ತಿದ್ದರೆ ಅವರು ಬೇರೆ ಏನು ಅಂದುಕೊಳ್ಳಬೇಕು?

ಆಧುನಿಕ ಹಾಸ್ಪಿಸ್ ಅನ್ನುವುದಕ್ಕೆ ರೂಪ ಕೊಟ್ಟ ಸಿಸಿಲಿ ಸೌಂಡರ್ಸ್ ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದರು. ನೋವು ಅಂದರೆ ಬರೀ ಮೈನೋವಲ್ಲ, ಮನಸ್ಸಿನದು, ಸಂಬಂಧಗಳದ್ದು, ದುಡ್ಡಿನದು ಎಲ್ಲ ಸೇರಿ ಒಂದೇ ನೋವು ಅಂತ ಅವರು ನೋಡಿದ್ದು ಮೂರೂ ಕೆಲಸ ಮಾಡಿದ್ದಕ್ಕೇ ಇರಬೇಕು. ನಮ್ಮಲ್ಲಿ ಒಬ್ಬರೇ ಮೂರೂ ಆಗುವುದು ಕಷ್ಟ. ಮೂವರು ಬೇಕು, ಮೂವರೂ ಒಬ್ಬರಿಗೊಬ್ಬರು ಫೋನ್ ಎತ್ತಬೇಕು.

ಬೆಂಗಳೂರಿನಲ್ಲಿ ಯಾರ್ಯಾರು ಇದ್ದಾರೆ?

ಎಲ್ಲರ ಹೆಸರು ಹೇಳುವುದಕ್ಕೆ ಆಗುವುದಿಲ್ಲ. ಹೊಸಬರು ಮೊದಲು ತಿಳಿದುಕೊಳ್ಳಬೇಕಾದ ಕೆಲವು ಹೇಳುತ್ತೇನೆ. ಕಿದ್ವಾಯಿ ನಮ್ಮ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ, 1973ರಿಂದ ಇದೆ. ಬೀದರ್‌ನಿಂದ ಚಾಮರಾಜನಗರದವರೆಗಿನ ರೋಗಿಗಳು ಅಲ್ಲಿಗೇ ಬರುತ್ತಾರೆ. ಮಾರತ್ತಹಳ್ಳಿ ಕಡೆ ಕರುಣಾಶ್ರಯ ಇದೆ. ಟ್ರಸ್ಟ್ ಆಗಿದ್ದು 1994ರಲ್ಲಿ, ರೋಗಿಗಳನ್ನು ಸೇರಿಸಿಕೊಂಡು ನೋಡುವ ಕೇಂದ್ರ ತೆರೆದದ್ದು 1999ರಲ್ಲಿ. ಕ್ಯಾನ್ಸರ್ ಬಲಿತು, ಇನ್ನು ವಾಸಿಯಾಗುವುದಿಲ್ಲ ಅನ್ನುವ ಹಂತದವರನ್ನು ಅಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕೋರಮಂಗಲದ ಸೇಂಟ್ ಜಾನ್ಸ್, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗಳಲ್ಲೂ ಈ ಕೆಲಸ ನಡೆಯುತ್ತದೆ. ನರದ ಕಾಯಿಲೆಯವರಿಗೆ ನಿಮ್ಹಾನ್ಸ್. ಮರೆವಿನ ಕಾಯಿಲೆಯ ಹಿರಿಯರಿಗೆ ನೈಟಿಂಗೇಲ್ಸ್ ಟ್ರಸ್ಟ್. ಇವಲ್ಲದೆ ಕಾರ್ಪೊರೇಟ್ ಆಸ್ಪತ್ರೆಗಳ ವಿಭಾಗಗಳು, ಸಣ್ಣ ಟ್ರಸ್ಟ್‌ಗಳು, ಚರ್ಚ್‌ನವರು, ಸುಮ್ನೆ ತಮ್ಮ ಏರಿಯಾದಲ್ಲಿ ನೋಡಿಕೊಳ್ಳುವ ಒಬ್ಬಿಬ್ಬರು ಫ್ಯಾಮಿಲಿ ಡಾಕ್ಟರುಗಳೂ ಇದ್ದಾರೆ.

ಕಿದ್ವಾಯಿ, ನಿಮ್ಹಾನ್ಸ್ ಅಕ್ಕಪಕ್ಕ. ಸೇಂಟ್ ಜಾನ್ಸ್ ಅಲ್ಲಿಂದ ನಾಲ್ಕು ಹೆಜ್ಜೆ ಅನ್ನುವಷ್ಟು ದೂರ. ಆದರೂ ಒಂದು ಕಡೆ ಏನು ಕೊಟ್ಟರು ಅಂತ ಇನ್ನೊಂದು ಕಡೆ ಗೊತ್ತಾಗುವುದು ರೋಗಿಯ ಮಗ ಹಿಡಿದುಕೊಂಡು ಬರುವ ಪ್ಲಾಸ್ಟಿಕ್ ಕವರ್‌ನಿಂದಲೇ.

ಎಲ್ಲರೂ ತಮ್ಮ ಕೆಲಸ ಸರಿಯಾಗಿ ಮಾಡಿದರೆ ಸಾಕಲ್ವಾ? ಜೊತೆಗೂಡುವುದು ಅಂತ ಬೇರೆ ಯಾಕೆ?

ಸಾಕಾಗುವುದಿಲ್ಲ. ನಾನೇ ಕಂಡದ್ದು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಗರದ ಉತ್ತರ ಭಾಗದ ಒಂದು ಮನೆ. ಸುಮಾರು ಅರವತ್ತು ವಯಸ್ಸಿನ ಯಜಮಾನರು. ಬೆಳಗ್ಗೆಯಿಂದ ಎಬ್ಬಿಸಿದರೆ ಕಣ್ಣು ಬಿಡುತ್ತಾರೆ, ಮತ್ತೆ ಮುಚ್ಚುತ್ತಾರೆ. ಉಸಿರು ನಿಧಾನ. ಮನೆಯವರು ಕಾಯಿಲೆ ಜಾಸ್ತಿಯಾಯಿತು, ಕೊನೆಗಾಲ ಬಂತು ಅಂದುಕೊಂಡು ಊರಿಗೆಲ್ಲ ಫೋನ್ ಮಾಡಿಬಿಟ್ಟಿದ್ದರು. ಹಾಲ್ ತುಂಬ ನೆಂಟರು. ಎದೆಯ ಮೇಲೆ ಒಂದು ಫೆಂಟನಿಲ್ ಪ್ಯಾಚ್ (ಚರ್ಮದ ಮೂಲಕ ನಿಧಾನವಾಗಿ ಇಳಿಯುವ ಬಲವಾದ ನೋವಿನ ಔಷಧಿಯ ಪಟ್ಟಿ) ಇತ್ತು, ಹಿಂದಿನ ದಿನದ ತಾರೀಕು ಬರೆದದ್ದು. ಸರಿ ಅಂತ ಬೆನ್ನು ಒರೆಸಲು ಪಕ್ಕಕ್ಕೆ ಹೊರಳಿಸಿದೆ. ಭುಜದ ಹಿಂದೆ ಇನ್ನೊಂದು! ತಾರೀಕಿಲ್ಲ. "ಅದು ಆ ಆಸ್ಪತ್ರೇಲಿ ಹಚ್ಚಿದ ಬ್ಯಾಂಡೇಜ್ ಸಿಸ್ಟರ್, ಗಾಯಕ್ಕೆ" ಅಂದರು ಅವರ ಹೆಂಡತಿ. ಗಾಯ ಎಲ್ಲೂ ಇರಲಿಲ್ಲ.

ಒಂದು ಆಸ್ಪತ್ರೆಯವರು ಡಿಸ್ಚಾರ್ಜ್ ದಿನ ಹೊಸ ಪ್ಯಾಚ್ ಹಾಕಿ ಕಳಿಸಿದ್ದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧಿಯ ಹೆಸರು ಇತ್ತು, ಯಾವ ದಿನ, ಎಲ್ಲಿ ಹಚ್ಚಿದ್ದು ಅಂತ ಇರಲಿಲ್ಲ. ಎರಡನೇ ಕಡೆಯವರು ಸಮ್ಮರಿ ನೋಡಿ, ಎದೆ ತೋಳು ಹುಡುಕಿ, ಎಲ್ಲೂ ಕಾಣಲಿಲ್ಲ ಅಂತ ತಮ್ಮದೊಂದು ಹಚ್ಚಿದರು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಕೆಲಸ ಮಾಡಿದ್ದರು. ಔಷಧಿ ಮಾತ್ರ ಎರಡು ಪಾಲಾಗಿತ್ತು, ಮಂಪರು, ನಿಧಾನ ಉಸಿರು ಅದರಿಂದಲೇ. ನಮ್ಮ ಡಾಕ್ಟರಿಗೆ ಫೋನ್ ಹಾಕಿ, ಅವರು ಹೇಳಿದಂತೆ ಪ್ಯಾಚ್ ತೆಗೆದು, ಆಂಬುಲೆನ್ಸ್‌ನಲ್ಲಿ ಕಳಿಸಿದೆವು. ಪ್ಯಾಚ್ ತೆಗೆದರೂ ಚರ್ಮದಡಿ ಸೇರಿದ ಔಷಧಿ ಎಷ್ಟೋ ಗಂಟೆ ಇಳಿಯುತ್ತಲೇ ಇರುತ್ತದೆ, ಅದಕ್ಕೇ ಮನೆಯಲ್ಲಿ ಇಟ್ಟುಕೊಂಡು ಕಾಯುವ ಹಾಗಿರಲಿಲ್ಲ. ಮಾರನೇ ದಿನ ಅವರು ಎದ್ದು ಕೂತು ಕಾಫಿ ಕೇಳಿದರು. ಊರಿಂದ ಬಂದಿದ್ದ ನೆಂಟರಿಗೆ ಏನು ಹೇಳುವುದು ಅಂತ ಮಗಳಿಗೆ ನಾಚಿಕೆ.

ಈ ಊರಿನಲ್ಲಿ ಒಳ್ಳೇ ಡಾಕ್ಟರಿಗೇನೂ ಬರವಿಲ್ಲ. ರೋಗಿ ಕಳೆದುಹೋಗುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ.

ಹಾಗಾದರೆ ರೋಗಿಯನ್ನು ಒಪ್ಪಿಸುವ ಚೀಟಿಯಲ್ಲಿ ಏನಿರಬೇಕು?

ದೊಡ್ಡ ಫಾರ್ಮ್ ಬೇಡ. ದೊಡ್ಡ ಫಾರ್ಮ್ ಮಾಡಿದರೆ ಯಾರೂ ತುಂಬುವುದಿಲ್ಲ, ಮಾಡಿ ನೋಡಿದ್ದೇವೆ. ಆರು ಪುಟದ್ದೊಂದು ಮಾಡಿ ಝೆರಾಕ್ಸ್ ಮಾಡಿಸಿ ಹಂಚಿದೆವು. ತಿಂಗಳಲ್ಲಿ ವಾಪಸ್ ಬಂದದ್ದು ನಾಲ್ಕು, ಅದರಲ್ಲಿ ಎರಡು ನಾನೇ ತುಂಬಿದ್ದು.

ಈಗ ಅರ್ಧ ಹಾಳೆ. ಕಾಯಿಲೆ ಏನು, ಎಲ್ಲೆಲ್ಲಿಗೆ ಹಬ್ಬಿದೆ, ಒಂದೇ ಸಾಲು. ಈಗ ನಡೆಯುತ್ತಿರುವ ಔಷಧಿಗಳು, ಮುಖ್ಯವಾಗಿ ಮಾರ್ಫಿನ್ (ಅಫೀಮಿನಿಂದ ತೆಗೆಯುವ ಬಲವಾದ ನೋವಿನ ಔಷಧಿ) ಇದ್ದರೆ ಎಷ್ಟು, ಎಷ್ಟು ಗಂಟೆಗೊಮ್ಮೆ, ಕೊನೇ ಸಲ ಯಾವಾಗ ಕೊಟ್ಟಿದ್ದು. ಪ್ಯಾಚ್ ಇದ್ದರೆ ಮೈಮೇಲೆ ಎಲ್ಲಿ, ಯಾವ ತಾರೀಕು. ಮಲಬದ್ಧತೆಗೆ ಏನು ಕೊಟ್ಟಿದ್ದೀರಿ (ಮಾರ್ಫಿನ್ ಬರೆದು ಇದನ್ನು ಮರೆತರೆ ನಾಲ್ಕನೇ ದಿನ ರೋಗಿ ಮಾರ್ಫಿನ್ನೇ ಬೇಡ ಅನ್ನುತ್ತಾರೆ). ಕಿಡ್ನಿ ಹೇಗಿದೆ, ಯಾಕೆಂದರೆ ಕಿಡ್ನಿ ಕೆಟ್ಟಿದ್ದರೆ ಮಾರ್ಫಿನ್ ಮೈಯಲ್ಲಿ ಕೂತುಬಿಡುತ್ತದೆ.

ಇನ್ನು ಯಾವ ಡಿಸ್ಚಾರ್ಜ್ ಸಮ್ಮರಿಯಲ್ಲೂ ಸಿಗದ ಮೂರು ವಿಷಯ. ರೋಗಿಗೆ ತನ್ನ ಕಾಯಿಲೆ ಬಗ್ಗೆ ಎಷ್ಟು ಗೊತ್ತು? ಮನೆಯಲ್ಲಿ ನಿರ್ಧಾರ ಮಾಡುವವರು ಯಾರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು? ಇವರಿಬ್ಬರೂ ಒಬ್ಬರೇ ಆಗಿರುವುದು ಕಡಿಮೆ. ನಿರ್ಧಾರ ಅಮೆರಿಕದಲ್ಲಿರುವ ದೊಡ್ಡ ಮಗನದ್ದು, ರಾತ್ರಿ ಎದ್ದು ಮಾತ್ರೆ ಕೊಡುವುದು ಸಣ್ಣ ಸೊಸೆ. ಔಷಧಿ ಹೇಗೆ ಕೊಡಬೇಕು ಅಂತ ನಾವು ಮಗನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿ ಬಂದರೆ ಏನು ಪ್ರಯೋಜನ? ಮೂರನೆಯದು, ಜೋರಾದರೆ ಎಲ್ಲಿಗೆ ಹೋಗಬೇಕು ಅಂತ ಮನೆಯವರೊಂದಿಗೆ ಮಾತಾಗಿದೆಯಾ.

ಕೊನೆಯಲ್ಲಿ ಚೀಟಿ ಬರೆದವರ ಹೆಸರು, ನೇರ ಫೋನ್ ನಂಬರ್. ಆಸ್ಪತ್ರೆಯ ಬೋರ್ಡ್ ನಂಬರ್ ಬೇಡ. ಅದರಲ್ಲಿ "ಇಂಗ್ಲಿಷ್‌ಗಾಗಿ ಒಂದನ್ನು ಒತ್ತಿ" ಕೇಳುತ್ತಾ ಕೂರುವಷ್ಟರಲ್ಲಿ ನಾನು ಸಿಲ್ಕ್ ಬೋರ್ಡ್ ದಾಟಿರುತ್ತೇನೆ, ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು.

ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಮಾರ್ಫಿನ್ ಇಡಬಹುದಾ? ಪೊಲೀಸ್ ತಂಟೆ ಇಲ್ವಾ?

ಇಡಬಹುದು. ಭಯ ಹಳೇ ಕಾನೂನಿನದು. 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಡಲು ಹಲವು ಲೈಸೆನ್ಸ್ ಬೇಕಾಗುತ್ತಿತ್ತು. ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಆಸ್ಪತ್ರೆಗಳು ಇದರ ಸಹವಾಸವೇ ಬೇಡ ಅಂತ ಬಿಟ್ಟವು. ನಮ್ಮ ದೇಶದಲ್ಲೇ ಸರ್ಕಾರದ ಲೈಸೆನ್ಸಿನಲ್ಲಿ ಅಫೀಮು ಬೆಳೆಯುತ್ತಾರೆ, ಘಾಜಿಪುರ, ನೀಮಚ್‌ನಲ್ಲಿ ಅದರ ಸರ್ಕಾರಿ ಕಾರ್ಖಾನೆಗಳಿವೆ, ಆದರೂ ನಮ್ಮ ರೋಗಿಗಳು ನೋವಿನಲ್ಲಿ ಕಿರುಚುತ್ತಾ ಸತ್ತರು.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಈ ಆರನ್ನು ಅಗತ್ಯ ಮಾದಕ ಔಷಧಿಗಳು ಅಂತ ಗುರುತಿಸಿದರು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯ ಸಂಸ್ಥೆ ಆದರೆ ಆಯಿತು, ಒಂದೇ ಕಡೆಯ ಒಪ್ಪಿಗೆ. ತರಬೇತಿ ಪಡೆದ ಡಾಕ್ಟರ್ ಒಬ್ಬರು ಜವಾಬ್ದಾರಿ ಹೊರಬೇಕು, ಬಂದದ್ದು ಹೋದದ್ದು ಲೆಕ್ಕ ಬರೆದಿಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು.

ನನ್ನ ಅನುಭವದಲ್ಲಿ ಕಾಗದಪತ್ರಕ್ಕಿಂತ ದೊಡ್ಡ ಅಡ್ಡಿ ಆಡಳಿತದವರ ಭಯ. "ಯಾಕೆ ಸುಮ್ನೆ ತಲೆನೋವು?" ಅಂತಾರೆ. ಆಗ ಮಾನ್ಯತೆ ಪಡೆದ ಇನ್ನೊಂದು ಕಡೆಯ ಫಾರ್ಮಸಿಸ್ಟನ್ನು ಕರೆದುಕೊಂಡು ಹೋಗಿ ಅವರ ಲೆಕ್ಕದ ಪುಸ್ತಕ ತೋರಿಸಿ. ಡಾಕ್ಟರ ಭಾಷಣಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ದೂರದ ರೋಗಿಗೆ ವಾಟ್ಸಾಪ್‌ನಲ್ಲಿ ಮಾರ್ಫಿನ್ ಬರೆದುಕೊಡಬಹುದಾ?

ಇಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಎನ್‌ಡಿಪಿಎಸ್ ಅಡಿ ಬರುವ ಔಷಧಿಗಳನ್ನು ಫೋನ್, ವಿಡಿಯೋ ಮೂಲಕ ಬರೆಯುವ ಹಾಗಿಲ್ಲ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಕೂಡ 2018ರಿಂದ ಅದೇ ಕಾಯ್ದೆಯಡಿ ಇದೆ, ಎಷ್ಟೋ ಡಾಕ್ಟರಿಗೆ ಇದು ಗೊತ್ತಿಲ್ಲ. ವಿಡಿಯೋದಲ್ಲಿ ರೋಗಿಯನ್ನು ನೋಡಿ, ಸಲಹೆ ಕೊಡಿ, ಧೈರ್ಯ ಹೇಳಿ. ಮಾತ್ರೆಗೆ ಅವರ ಹತ್ತಿರದ ಊರಿನಲ್ಲಿ ಯಾರು ಕೊಡುತ್ತಾರೆ ಅಂತ ಹುಡುಕಿಕೊಡಿ. ಜೊತೆಗೂಡಿ ಕೆಲಸ ಮಾಡುವುದರ ಉಪಯೋಗ ಇಲ್ಲೇ ಗೊತ್ತಾಗುವುದು.

ಕ್ಯಾನ್ಸರ್ ಡಾಕ್ಟರು ರೋಗಿಗಳನ್ನು ನಮ್ಮ ಹತ್ತಿರ ಕಳಿಸುವುದೇ ಇಲ್ಲ. ಏನು ಮಾಡುವುದು?

ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಒಬ್ಬ ಹಿರಿಯ ಆಂಕಾಲಜಿಸ್ಟ್ ನನಗೆ ನೇರವಾಗಿ ಹೇಳಿದ್ದರು, "ನಿಮ್ಮ ಕಡೆ ಕಳಿಸಿದ ಮೇಲೆ ರೋಗಿ ಏನಾದ ಅಂತ ನನಗೆ ಯಾರೂ ಹೇಳಲ್ಲ ಸಿಸ್ಟರ್. ಮೂರು ವರ್ಷ ನೋಡಿದ ಮನುಷ್ಯ." ಹೌದಲ್ವಾ ಅನ್ನಿಸಿತು. ನಾವು ಕೇಳುತ್ತಿದ್ದೆವು, ಕೊಡುತ್ತಿರಲಿಲ್ಲ.

ಆವತ್ತಿಂದ ಯಾರು ಕಳಿಸಿದರೂ ಮೊದಲ ಭೇಟಿಯಾದ ಮಾರನೇ ದಿನ ಅವರಿಗೆ ಮೂರು ಸಾಲಿನ ಮೆಸೇಜ್ ಹಾಕುತ್ತೇನೆ. ನೋವು ಹತ್ತರಲ್ಲಿ ಎಂಟಿತ್ತು, ಈಗ ಮೂರಿದೆ. ರಾತ್ರಿ ನಿದ್ದೆ ಮಾಡಿದರು. ನಿಮ್ಮನ್ನು ಕೇಳಿದರು. ಅಷ್ಟೇ. ಈಗ ಅವರು ಕೀಮೋ ಶುರುವಿನಲ್ಲೇ ಒಬ್ಬಿಬ್ಬರನ್ನು ಕಳಿಸುತ್ತಾರೆ.

ಒಂದು ತಂಡ ಒಂದು ಹೇಳುತ್ತದೆ, ಇನ್ನೊಂದು ತಂಡ ಇನ್ನೊಂದು. ರೋಗಿ ಯಾರನ್ನು ನಂಬಬೇಕು?

ಇದು ನಮ್ಮ ಕೂಟದಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ವಿಷಯ. ಆಸ್ಪತ್ರೆ ಕಾರಿಡಾರಿನಲ್ಲೇ ಮಗ ಹಿಡಿದು ನಿಲ್ಲಿಸುತ್ತಾನೆ, "ಅಪ್ಪಂಗೆ ಹೇಳ್ಬೇಡಿ, ಗ್ಯಾಸ್ಟ್ರಿಕ್ ಅಂತ ಹೇಳಿದೀವಿ." ವಾರ್ಡಿನ ಡಾಕ್ಟರ್ ಒಪ್ಪಿಬಿಟ್ಟಿರುತ್ತಾರೆ. ಹಾಸ್ಪಿಸ್‌ನಲ್ಲಿ ಸೋಶಿಯಲ್ ವರ್ಕರ್ ನಿಜ ಮಾತಾಡಲು ಹೊರಡುತ್ತಾರೆ. ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. ಅಪ್ಪ ಮಾತ್ರ ಎಲ್ಲ ಗೊತ್ತಿದ್ದೂ ಸುಮ್ಮನೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ, ಮಕ್ಕಳಿಗೆ ನೋವಾಗಬಾರದು ಅಂತ.

ನಾವು ಒಪ್ಪಿಕೊಂಡ ಪದ್ಧತಿ ಹೀಗಿದೆ. ಮೊದಲು ರೋಗಿಯನ್ನೇ ಕೇಳುವುದು, "ಆಸ್ಪತ್ರೆಯಲ್ಲಿ ಏನು ಹೇಳಿದ್ದಾರೆ, ನಿಮಗೆ ಏನನ್ನಿಸುತ್ತೆ?" ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳುವುದು. ಸುಳ್ಳು ಯಾರೂ ಹೇಳಬಾರದು. ಮತ್ತೆ, ರೋಗಿ ಏನು ಹೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆಯುವುದು. "ಕಾಯಿಲೆ ಅರಿವಿದೆ" ಅಂತ ಬರೆಯುವ ಬದಲು, ಒಬ್ಬ ಅಜ್ಜಿ ಹೇಳಿದ್ದನ್ನು ನಾನು ಹಾಗೇ ಬರೆದೆ: "ಎಣ್ಣೆ ಮುಗೀತಾ ಬಂತು, ಬತ್ತಿ ಉರೀತಾ ಇದೆ." ಓದಿದ ಮುಂದಿನ ತಂಡಕ್ಕೆ ಇನ್ನೇನೂ ಕೇಳಬೇಕಾಗಲಿಲ್ಲ.

ನೋವಿನ ಭಾಷೆ ಅಂತ ನೀವು ತರಬೇತಿಯಲ್ಲಿ ಹೇಳುತ್ತೀರಲ್ಲ, ಅದೇನು?

ಹೊರ ರಾಜ್ಯದಿಂದ ಬಂದ ಎಷ್ಟೋ ಡಾಕ್ಟರು, ನರ್ಸುಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. "ನೋವಾ?" ಅನ್ನುವುದೊಂದನ್ನು ಕಲಿತಿರುತ್ತಾರೆ. ಅದು ಸಾಲದು. ನಮ್ಮ ಜನ "ಉರೀತದೆ", "ಕರೆಂಟ್ ಹೊಡ್ದಂಗಾಗುತ್ತೆ", "ಇರುವೆ ಹರಿದಂಗೆ", "ಜುಮ್ ಅಂತದೆ" ಅಂದರೆ ನರದ ನೋವನ್ನು ಯೋಚಿಸಬೇಕು, ಅದಕ್ಕೆ ಬೇರೆ ಮಾತ್ರೆಗಳಿವೆ, ಬರೀ ಮಾರ್ಫಿನ್ ಏರಿಸಿದರೆ ಸಾಲದು. "ಹಿಂಡ್ತದೆ", "ಮುರ್ಕೊಂಡು ಬರ್ತದೆ" ಅಂದರೆ ಹೊಟ್ಟೆಯೊಳಗಿನದು ಇರಬಹುದು. "ಸಂಕಟ" ಅಂದರೆ ಇನ್ನೂ ಕಷ್ಟ. ಕೆಲವರಿಗೆ ಅದು ವಾಂತಿ ಬರುವ ಹಾಗಾಗುವುದು, ಕೆಲವರಿಗೆ ಎದೆಯೊಳಗಿನ ಭಾರ, ಕೆಲವರಿಗೆ ದುಃಖ. ಕೈ ಎಲ್ಲಿಟ್ಟುಕೊಂಡು ಹೇಳುತ್ತಿದ್ದಾರೆ ಅಂತ ನೋಡಿ.

ಹಾಗೇ ಕೋಲಾರದ ಕಡೆಯವರು ತೆಲುಗಿನಲ್ಲಿ, ಶಿವಾಜಿನಗರದವರು ಉರ್ದುವಿನಲ್ಲಿ, ಹಲಸೂರಿನವರು ತಮಿಳಿನಲ್ಲಿ ಹೇಳುತ್ತಾರೆ. ಯಾವ ತಂಡದಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ನಮ್ಮ ಹತ್ತಿರ ಒಂದು ಪಟ್ಟಿ ಇದೆ. ನೋವಿನ ಭಾಷೆಯನ್ನು ಫೋನಿನಲ್ಲೇ ಬಿಡಿಸಿ ಹೇಳುವವರು ಒಬ್ಬರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಸುದ್ದಿ ಹಂಚಿಕೊಳ್ಳಿ ಅಂತೀರಿ. ಯಾವುದನ್ನು ಸುದ್ದಿ ಅಂತೀರಿ?

ಸಮ್ಮೇಳನದಲ್ಲಿ ದೀಪ ಹಚ್ಚಿದ ಫೋಟೊ ಅಲ್ಲ. ಅದೂ ಇರಲಿ, ತಂದೆತಾಯಿ ನೋಡಿ ಸಂತೋಷ ಪಡುತ್ತಾರೆ. ನಮಗೆ ಬೇಕಾದ ಸುದ್ದಿ ಬಹಳ ಸಪ್ಪೆ. ಯಾರ ಹತ್ತಿರ ಹತ್ತು ಮಿಲಿಗ್ರಾಂ ಮಾರ್ಫಿನ್ ಮುಗಿದಿದೆ, ಮುಂದಿನ ಸ್ಟಾಕ್ ಯಾವಾಗ. ಯಾವ ಹಾಸ್ಪಿಸ್‌ನಲ್ಲಿ ಹಾಸಿಗೆ ಖಾಲಿ ಇದೆ. ಯಾವ ತಂಡದ ಹೋಮ್‌ಕೇರ್ ಗಾಡಿ ಕೆಟ್ಟು ಈ ವಾರ ಯಲಹಂಕ ಕಡೆ ಬರುವುದಿಲ್ಲ. ಯಾರು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರು ಬಂದರು. ದಸರಾ ರಜೆಯಲ್ಲಿ ಯಾವ ಹೊರರೋಗಿ ವಿಭಾಗ ಮುಚ್ಚಿರುತ್ತದೆ.

ಒಂದು ದೀಪಾವಳಿಗೆ ಮೂರು ಕಡೆ ಒಂದೇ ಸಲ ರಜೆ. ನಾಲ್ಕು ದಿನ ಮಾತ್ರೆ ಇಲ್ಲದೆ ಒಬ್ಬ ತಾಯಿ ಒದ್ದಾಡಿದರು. ಬೀದಿ ತುಂಬ ಪಟಾಕಿ, ಕಿಟಕಿ ಮುಚ್ಚಿಕೊಂಡು ಮಗಳು ಕೂತಿದ್ದಳು. ಯಾರಾದರೂ ಒಂದು ಸಾಲು ಮುಂಚೆ ಹೇಳಿದ್ದರೆ ವಾರದ ಮಾತ್ರೆ ಹೆಚ್ಚಿಗೆ ಕೊಟ್ಟಿರುತ್ತಿದ್ದೆವು. ಅಂದಿನಿಂದ ಹಬ್ಬಕ್ಕೆ ಹದಿನೈದು ದಿನ ಮುಂಚೆ ಎಲ್ಲರ ರಜೆಯ ತಾರೀಕು ಒಂದೇ ಹಾಳೆಯಲ್ಲಿ ಸೇರಿಸುತ್ತೇವೆ.

ದೇಶದ ಸುದ್ದಿಗೆ ಭಾರತೀಯ ಉಪಶಮನ ಆರೈಕೆ ಸಂಘ ಇದೆ, 1994ರದ್ದು. ಅವರ ವಾರ್ಷಿಕ ಸಮ್ಮೇಳನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅವರ ಪತ್ರಿಕೆಯ ಲೇಖನಗಳನ್ನು ದುಡ್ಡು ಕೊಡದೆ ಓದಬಹುದು. ನಮ್ಮ ಕೂಟದಲ್ಲಿ ಪ್ರತಿ ತಿಂಗಳು ಒಬ್ಬರು ಒಂದು ಲೇಖನ ಓದಿ ಕನ್ನಡದಲ್ಲಿ ಹತ್ತು ನಿಮಿಷ ಹೇಳಬೇಕು. ಕನ್ನಡದಲ್ಲಿ ಅಂದದ್ದಕ್ಕೆ ಮೊದಲು ಗೊಣಗಿದರು. ಈಗ ಡಾಕ್ಟರಿಗಿಂತ ಆಯಾಗಳೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ.

ಗಾಯದ ಫೋಟೊ ಗ್ರೂಪಿಗೆ ಹಾಕಿ ಸಲಹೆ ಕೇಳಬಹುದಾ?

ರೋಗಿಯನ್ನು ಕೇಳಿ, ಅವರು ಹೂಂ ಅಂದರೆ ಮಾತ್ರ. ಮುಖ, ಹೆಸರು, ಆಸ್ಪತ್ರೆ ನಂಬರ್, ಮನೆಯ ಗೋಡೆ ಮೇಲಿನ ಫೋಟೊ ಯಾವುದೂ ಬೀಳಬಾರದು. ಒಬ್ಬರಿಗೆ ಕೇಳಿದರೆ ಸಾಕಾಗುವುದನ್ನು ಅರವತ್ತು ಜನಕ್ಕೆ ಹಾಕಬೇಡಿ. ಕೆಲಸ ಆದಮೇಲೆ ಫೋನಿನಿಂದ ಅಳಿಸಿ.

ಅಂದ ಹಾಗೆ, ಗಾಯದ ವಾಸನೆಗೆ ಏನು ಮಾಡುವುದು ಅನ್ನುವುದೇ ಅಂಥ ಫೋಟೊಗಳಲ್ಲಿ ಮುಕ್ಕಾಲು ಪಾಲು ಪ್ರಶ್ನೆ. ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುವುದು ಹಳೇ ಉಪಾಯ, ಅಗ್ಗದ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ಸ್ತನ ಕ್ಯಾನ್ಸರಿನ ಗಾಯ ಇದ್ದ ಒಬ್ಬ ಅಕ್ಕ ಎರಡು ತಿಂಗಳಿಂದ ಅಡುಗೆಮನೆಗೆ ಹೋಗಿರಲಿಲ್ಲ, ಮೊಮ್ಮಗುವನ್ನು ಹತ್ತಿರ ಕರೆದಿರಲಿಲ್ಲ. ಡಾಕ್ಟರನ್ನು ಕೇಳಿ ಪುಡಿ ಶುರು ಮಾಡಿದೆವು. ಐದನೇ ದಿನ ಹೋದಾಗ ಮಗು ಅವರ ತೊಡೆ ಮೇಲೆ ಚಿತ್ರಾನ್ನ ತಿನ್ನುತ್ತಿತ್ತು, ಅರ್ಧ ಹಾಸಿಗೆ ಮೇಲೆ ಚೆಲ್ಲಿತ್ತು.

ಎಕೋ ಅಂತ ಎಲ್ಲರೂ ಹೇಳುತ್ತಾರಲ್ಲ?

ಹೃದಯದ ಸ್ಕ್ಯಾನ್ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಅನ್ನುವ ಲಿವರ್ ಡಾಕ್ಟರ್ 2003ರಲ್ಲಿ ಶುರು ಮಾಡಿದ ಪದ್ಧತಿ. ಒಂದು ಕಡೆ ತಜ್ಞರ ತಂಡ, ಇನ್ನೊಂದು ಕಡೆ ಊರೂರಿನ ಡಾಕ್ಟರು, ನರ್ಸುಗಳು, ವಿಡಿಯೋದಲ್ಲಿ ಸೇರುತ್ತಾರೆ. ಒಬ್ಬರು ತಮ್ಮ ರೋಗಿಯ ಕೇಸು ಹೇಳುತ್ತಾರೆ, ಎಲ್ಲರೂ ಸೇರಿ ಬಿಡಿಸುತ್ತಾರೆ. ನಿಮ್ಹಾನ್ಸ್‌ನಲ್ಲಿ ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಉಪಶಮನ ಆರೈಕೆಗೂ ದೇಶದಲ್ಲಿ ಹಲವು ಕಡೆಯಿಂದ ನಡೆಯುತ್ತದೆ. ಕ್ಯಾಮೆರಾ ಆಫ್ ಮಾಡಿಕೊಂಡು ಕೂರಬೇಡಿ ಅನ್ನುವುದೊಂದೇ ನನ್ನ ಬೇಡಿಕೆ.

ತರಬೇತಿ ಎಲ್ಲಿ ಸಿಗುತ್ತದೆ?

ಪೂರ್ತಿ ಇದನ್ನೇ ವೃತ್ತಿ ಮಾಡಿಕೊಳ್ಳುವ ಡಾಕ್ಟರಿಗೆ ಎಂಡಿ ಇದೆ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ 2012ರಲ್ಲಿ ಮೊದಲು ಶುರುವಾಯಿತು. ಉಳಿದವರಿಗೆ ಭಾರತೀಯ ಉಪಶಮನ ಆರೈಕೆ ಸಂಘದ ದೂರಶಿಕ್ಷಣದ ಕೋರ್ಸ್ ಇದೆ, ಕೆಲಸ ಬಿಡದೆ ಮಾಡಬಹುದು. ಆರು ವಾರ ರಜೆ ಸಿಗುವುದಾದರೆ ಕೇರಳಕ್ಕೆ ಹೋಗಿ ಬನ್ನಿ. ಕೋಳಿಕ್ಕೋಡಿನಲ್ಲಿ ಉಪಶಮನ ಔಷಧ ಸಂಸ್ಥೆ ಇದೆ, ತಿರುವನಂತಪುರದಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಅವರ ಪ್ಯಾಲಿಯಮ್ ಇಂಡಿಯಾ ಇದೆ.

ಕೇರಳಕ್ಕೆ ಹೋಗಿ ಅನ್ನುವುದು ಕೋರ್ಸಿಗಷ್ಟೇ ಅಲ್ಲ. 2008ರಲ್ಲೇ ಆ ರಾಜ್ಯ ಇದಕ್ಕೆ ನೀತಿ ಮಾಡಿತು. ಪಂಚಾಯಿತಿಯವರು, ಆಟೋದವರು, ಕಾಲೇಜು ಹುಡುಗರು ಹಾಸಿಗೆ ಹಿಡಿದವರ ಮನೆಗೆ ಹೋಗುವುದನ್ನು ಅಲ್ಲಿ ಕಣ್ಣಾರೆ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದೇ ಮಾದರಿ ಒಗ್ಗುವುದಿಲ್ಲ ಅಂತ ವಾದ ಮಾಡುವವರಿದ್ದಾರೆ. ನಮ್ಮ ಒಂದು ಬಡಾವಣೆಯಲ್ಲಿ ಬೆಳಗಿನ ವಾಕಿಂಗ್ ಗುಂಪಿನ ಹಿರಿಯರು ವಾರಕ್ಕೆರಡು ಸಲ ಪಕ್ಕದ ಬೀದಿಯ ರೋಗಿಯ ಹತ್ತಿರ ಪೇಪರ್ ಓದಿ ಬರುತ್ತಾರೆ. ಹೆಂಡತಿ ಆ ಹೊತ್ತಿನಲ್ಲಿ ಸ್ನಾನ ಮುಗಿಸುತ್ತಾರೆ. ಇದಕ್ಕೆ ಮಾದರಿ ಗೀದರಿ ಏನೂ ಬೇಕಾಗಲಿಲ್ಲ.

ಬೆಂಗಳೂರಿನಿಂದ ಶಿರಾಕ್ಕೋ ಮುಳಬಾಗಿಲಿಗೋ ವಾಪಸ್ ಹೋದ ರೋಗಿಗೆ ಯಾರು ದಿಕ್ಕು?

ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ. ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುವ ಸರ್ಕಾರಿ ಆರೋಗ್ಯ ಕೇಂದ್ರಗಳು ಕೊಡಬೇಕಾದ ಸೇವೆಗಳಲ್ಲಿ ಉಪಶಮನ ಆರೈಕೆಯೂ ಸೇರಿದೆ. ಕಾಗದದಲ್ಲಿ ಇರುವುದು ನೆಲದಲ್ಲಿ ಎಲ್ಲ ಕಡೆ ಒಂದೇ ಥರ ಇಲ್ಲ, ನಿಜ. ಆದರೆ ರೋಗಿ ಬಸ್ ಹತ್ತುವ ಮೊದಲೇ ಆಶಾಗೆ ಫೋನ್ ಮಾಡಿದರೆ ತುಂಬಾ ವ್ಯತ್ಯಾಸ ಆಗುತ್ತದೆ. ಯಾವ ಮನೆ, ಯಾವ ಜಗುಲಿ ಅಂತ ಅವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವಾಗ "ರಿಪೋರ್ಟ್ ಕಳಿಸಿ" ಅನ್ನಬೇಡಿ. ಅವರ ತಲೆ ಮೇಲೆ ಈಗಾಗಲೇ ಹತ್ತು ರಿಜಿಸ್ಟರ್ ಇದೆ. "ಹೇಗಿದಾರೆ ಅಕ್ಕ?" ಅಂತ ಕೇಳಿ.

ಕ್ಯಾನ್ಸರ್ ಅಲ್ಲದವರು?

ಕಿಡ್ನಿ ಕೆಟ್ಟವರು, ಹಾರ್ಟ್ ಫೇಲ್ಯೂರ್, ಶ್ವಾಸಕೋಶ ಕಟ್ಟಿದವರು, ಸ್ಟ್ರೋಕ್ ಆಗಿ ಮಲಗಿದವರು, ಮರೆವಿನ ಕಾಯಿಲೆಯವರು ಎಲ್ಲರಿಗೂ ಬೇಕು. ಅವರಿಗೆ ಜಾಗ ಹುಡುಕುವುದು ಇವತ್ತಿಗೂ ಕಷ್ಟ. ಎಷ್ಟೋ ಹಾಸ್ಪಿಸ್‌ಗಳ ಬಾಗಿಲು ಕ್ಯಾನ್ಸರಿನವರಿಗೆ ಮಾತ್ರ. ಸೇರಿಸಿಕೊಳ್ಳುವ ಕಡೆ ಗೊತ್ತಿದ್ದರೆ ದಯವಿಟ್ಟು ಉಳಿದವರಿಗೂ ಹೇಳಿ.

ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು ಅನ್ನುವ ಸುದ್ದಿ ನಿಜವಾ?

ನಿಜ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಅನ್ನುವ ಸಂಸ್ಥೆಯ ಪ್ರಕರಣದಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. ಆದರೆ ದಾರಿ ಎಷ್ಟು ಸುತ್ತಾಗಿತ್ತು ಅಂದರೆ ಯಾರೂ ಬಳಸಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿದರೆ ಸಾಕು. ತನಗೆ ಮಾತಾಡಲಾಗದಾಗ ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೆಸರಿಸಬೇಕು.

2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬೇಕಾದರೆ ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಡಾಕ್ಟರ್ ಇರುತ್ತಾರೆ. ನಿರ್ಧಾರವನ್ನು ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ಪೇಪರ್‌ನವರು "ದಯಾಮರಣ" ಅಂತ ದಪ್ಪಕ್ಷರದಲ್ಲಿ ಹಾಕಿದರು. ಅದು ತಪ್ಪು. ಇಲ್ಲಿ ಯಾರೂ ಯಾರಿಗೂ ಇಂಜೆಕ್ಷನ್ ಕೊಟ್ಟು ಸಾಯಿಸುವುದಿಲ್ಲ. ಪ್ರಯೋಜನವಿಲ್ಲದ ಯಂತ್ರ ತೆಗೆಯುತ್ತಾರೆ, ನೋವು ನೋಡಿಕೊಳ್ಳುವುದು ಮುಂದುವರಿಯುತ್ತದೆ. ಆ ಮುಂದುವರಿಯುವ ಕೆಲಸ ನಮ್ಮದು. ಐಸಿಯುನವರು ಯಂತ್ರ ತೆಗೆಯುವ ಹಿಂದಿನ ದಿನವೇ ನಮ್ಮನ್ನು ಕರೆಯಲಿ, ತೆಗೆದ ಮೇಲೆ ಅಲ್ಲ.

ರೋಗಿ ಮನೆಯಲ್ಲೇ ತೀರಿಕೊಂಡರೆ ಯಾರು ಏನು ಮಾಡಬೇಕು?

ಇದನ್ನು ಮುಂಚೆಯೇ ಮಾತಾಡಿಟ್ಟುಕೊಂಡಿರಬೇಕು. ಮನೆಯಲ್ಲಿ ಆದ ಸಾವಿಗೆ ನೋಡುತ್ತಿದ್ದ ಡಾಕ್ಟರ್ ಕಾರಣ ಬರೆದು ಸಹಿ ಮಾಡಿದ ನಮೂನೆ 4ಎ ಕೊಡಬೇಕು. ಚಿತಾಗಾರದಲ್ಲಿ ಡಾಕ್ಟರ ಕಾಗದ ಕೇಳುತ್ತಾರೆ. 21 ದಿನದೊಳಗೆ ನೋಂದಣಿ ಆಗಬೇಕು. ಬೆಳಗಿನ ಜಾವ ಮೂರಕ್ಕೆ ತೀರಿಕೊಂಡರೆ ಯಾವ ಡಾಕ್ಟರ್ ಬರುತ್ತಾರೆ ಅಂತ ಚೀಟಿಯ ಹಿಂದೆ ಬರೆದಿಡಿ. ಉಳಿದ ಮಾರ್ಫಿನ್ ಮಾತ್ರೆ, ಪ್ಯಾಚ್‌ಗಳನ್ನು ಕೊಟ್ಟ ಕಡೆಗೇ ಎಣಿಸಿ ವಾಪಸ್ ತನ್ನಿ. ಮನೆಯವರು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾರೆ, ಒಳ್ಳೇ ಮನಸ್ಸಿನಿಂದಲೇ.

ಆಮೇಲೆ ಫೋನ್‌ಗಳು. ಆ ರೋಗಿಯನ್ನು ನೋಡಿದ ಎಲ್ಲ ಕಡೆಗೂ ಅದೇ ದಿನ ತಿಳಿಸಬೇಕು. ಆಂಕಾಲಜಿ, ರೇಡಿಯೋಥೆರಪಿ, ಫಿಸಿಯೋ, ಆಮ್ಲಜನಕದ ಸಿಲಿಂಡರ್ ಬಾಡಿಗೆ ಕೊಟ್ಟವರು, ಆಶಾ. ಇದು ಯಾರ ಕೆಲಸ ಅಂತ ಕೇಳುತ್ತಾರೆ. ಕೊನೇ ಸಲ ಮನೆಗೆ ಹೋದವರ ಕೆಲಸ.

ಒಮ್ಮೆ ನಾನೇ ಮರೆತೆ. ಹನ್ನೊಂದನೇ ದಿನ ಆ ಮನೆಗೆ ಹೋಗಿದ್ದೆ. ಅಡುಗೆಯವರು ಅಂಗಳದಲ್ಲಿ ಎಲೆ ಹಾಕುತ್ತಿದ್ದರು. ಟಿವಿ ಮೇಲಿಟ್ಟಿದ್ದ ಯಜಮಾನರ ಫೋನ್ ರಿಂಗಾಯಿತು. ಹೆಂಡತಿ ಎತ್ತಿ, ಕೇಳಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಆ ಕಡೆ ಒಂದು ಹುಡುಗಿ, ಮೆದುವಾದ ದನಿ. ಸೋಮವಾರ ಬೆಳಗ್ಗೆ ಎಂಟಕ್ಕೆ ಕೀಮೋ ಇದೆ, ಖಾಲಿ ಹೊಟ್ಟೆಯಲ್ಲಿ ಬರಬೇಡಿ, ತಿಂಡಿ ತಿಂದೇ ಬನ್ನಿ ಅಂದಳು. ಈಗ ನನ್ನ ಬ್ಯಾಗಿನಲ್ಲಿರುವ ಡೈರಿಯಲ್ಲಿ ಪ್ರತಿ ರೋಗಿಯ ಹೆಸರಿನ ಕೆಳಗೆ ಫೋನ್ ಮಾಡಬೇಕಾದವರ ಪಟ್ಟಿ ಇರುತ್ತದೆ. ಮೊದಲ ಭೇಟಿಯ ದಿನವೇ ಬರೆದುಕೊಳ್ಳುತ್ತೇನೆ.